ಮಂಗಳೂರಿನ ನೀರಿನ ಆಡಳಿತ: ಅತ್ತಾವರದ ನೆಲೆಯಿಂದ ಒಂದು ವಿವೇಚನೆ

ಪಶ್ಚಿಮ ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವಣ ಕಿರಿದಾದ ಪಟ್ಟಿಯಲ್ಲಿ ನೆಲೆಗೊಂಡಿರುವ ಮಂಗಳೂರು ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆಯನ್ನು ಪಡೆಯುವ ನಗರ. ದಕ್ಷಿಣದಲ್ಲಿ ನೇತ್ರಾವತಿ, ಉತ್ತರದಲ್ಲಿ ಫಲ್ಗುಣಿ ನದಿಗಳು ಈ ನಗರವನ್ನು ಬಳಸಿಕೊಂಡು ಕಡಲು ಸೇರುತ್ತವೆ. ಇಷ್ಟಾಗಿಯೂ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ಇಲ್ಲಿನ ಮಹಾನಗರಪಾಲಿಕೆಯು ಕುಡಿಯುವ ನೀರನ್ನು ಸರದಿಯ ಮೇಲೆ ಹಂಚಬೇಕಾಯಿತು. ಮಳೆ ಕಡಿಮೆಯಾದ ನಾಡಿನಲ್ಲಿ ನೀರಿನ ಕೊರತೆ ಉಂಟಾದರೆ ಅದಕ್ಕೆ ನಿಸರ್ಗವನ್ನು ಕಾರಣವಾಗಿ ಹೇಳುವುದು ಸುಲಭ. ಮಳೆ ಹೇರಳವಾಗಿರುವ ನಾಡಿನಲ್ಲಿ ಆ ಕೊರತೆಗೆ ಕಾರಣವನ್ನು ಸಂಗ್ರಹ, ಹಂಚಿಕೆ ಮತ್ತು ಆಡಳಿತದ ಕ್ರಮಗಳಲ್ಲಿಯೇ ಹುಡುಕಬೇಕಾಗುತ್ತದೆ. ಈ ಹುಡುಕಾಟಕ್ಕೆ ನಗರದ ಹಳೆಯ ಬಡಾವಣೆಗಳಲ್ಲಿ ಒಂದಾದ ಅತ್ತಾವರವನ್ನು ನೆಲೆಯಾಗಿ ಇರಿಸಿಕೊಂಡು, ನೀರಿನ ನ್ಯಾಯೋಚಿತ ಹಾಗೂ ಬಾಳಿಕೆಯ ಆಡಳಿತದ ಸ್ವರೂಪವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅತ್ತಾವರವನ್ನು ಆರಿಸಿಕೊಳ್ಳಲು ಕಾರಣಗಳಿವೆ. ರೈಲು ನಿಲ್ದಾಣ, ದೊಡ್ಡ ಆಸ್ಪತ್ರೆ, ವಿದ್ಯಾರ್ಥಿನಿಲಯಗಳು, ಬಹುಮಹಡಿ ವಸತಿಗಳು ಒಂದೆಡೆ ಇದ್ದರೆ, ಹಲವು ಮನೆಗಳು ಒಂದೇ ಆವರಣವನ್ನು ಹಂಚಿಕೊಂಡ ಹಳೆಯ ಕಂಪೌಂಡುಗಳೂ ಬಾವಿಯುಳ್ಳ ಹೆಂಚಿನ ಮನೆಗಳೂ ಇನ್ನೊಂದೆಡೆ ಇವೆ. ಬಾಬುಗುಡ್ಡೆಯಂತಹ ಏರುನೆಲವೂ ಜೆಪ್ಪು, ಪಾಂಡೇಶ್ವರಗಳ ಕಡೆಗೆ ಇಳಿಯುವ ತಗ್ಗುನೆಲವೂ ಕೆಲವೇ ಫರ್ಲಾಂಗುಗಳ ಅಂತರದಲ್ಲಿ ದೊರೆಯುತ್ತವೆ. ಹೀಗಾಗಿ ನಗರದ ನೀರಿನ ಪ್ರಶ್ನೆಯ ಬಹುತೇಕ ಮುಖಗಳು ಈ ಒಂದು ಪರಿಸರದಲ್ಲಿ ಗೋಚರಿಸುತ್ತವೆ.

1. ನೆಲ ಮತ್ತು ನೀರು

ಕರಾವಳಿಯ ನೆಲದ ಮೇಲ್ಪದರ ಬಹುಮಟ್ಟಿಗೆ ಮುರಕಲ್ಲಿನದು. ರಂಧ್ರಮಯವಾದ ಈ ಕಲ್ಲು ಮಳೆನೀರನ್ನು ಬೇಗನೆ ಹೀರಿಕೊಳ್ಳುತ್ತದೆ. ಆದರೆ ಅಷ್ಟೇ ಬೇಗನೆ ತಗ್ಗಿನ ಕಡೆಗೆ ಬಿಟ್ಟುಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ವರ್ಷದ ಮಳೆಯ ಬಹುಪಾಲು ಸುರಿಯುವುದರಿಂದ, ಆಷಾಢದಲ್ಲಿ ಕೈಗೆಟುಕುವಂತೆ ತುಂಬಿರುವ ಬಾವಿ ವೈಶಾಖದಲ್ಲಿ ತಳ ಕಾಣುವುದು ಇಲ್ಲಿನ ಸಾಮಾನ್ಯ ಅನುಭವ. ನದಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಹರಿಯುವ ನೇತ್ರಾವತಿಯ ಬೇಸಿಗೆಯ ಹರಿವು ಘಟ್ಟದ ಕಾಡುಗಳು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವ ನೀರನ್ನು ಅವಲಂಬಿಸಿದೆ.

ಒಂದು ಸರಳ ಲೆಕ್ಕ ಈ ಸ್ಥಿತಿಯನ್ನು ಸ್ಪಷ್ಟಪಡಿಸುತ್ತದೆ. ನೂರು ಚದರ ಮೀಟರ್‌ ವಿಸ್ತೀರ್ಣದ ಮಾಡಿನ ಮೇಲೆ ವರ್ಷಕ್ಕೆ 3,500 ಮಿಲಿಮೀಟರ್‌ ಮಳೆ ಸುರಿದರೆ 3.5 ಲಕ್ಷ ಲೀಟರ್‌ ನೀರು ಬಿದ್ದಂತಾಗುತ್ತದೆ. ಒಳಚರಂಡಿ ಇರುವ ನಗರಗಳಿಗೆ ನಿಗದಿಯಾಗಿರುವ, ತಲಾ ದಿನಕ್ಕೆ 135 ಲೀಟರ್‌ ಎಂಬ ಮಾನದಂಡದಂತೆ ನಾಲ್ವರ ಕುಟುಂಬವೊಂದಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 1.97 ಲಕ್ಷ ಲೀಟರ್‌. ಆದರೆ ಮಳೆಯಿಲ್ಲದ 150 ದಿನಗಳಿಗೆ ಅದೇ ಕುಟುಂಬಕ್ಕೆ 81,000 ಲೀಟರ್‌ ಬೇಕು. ಅಷ್ಟು ದೊಡ್ಡ ತೊಟ್ಟಿಯನ್ನು ಕಟ್ಟಿಸುವುದು ಸಾಮಾನ್ಯ ಕುಟುಂಬಕ್ಕೆ ಸಾಧ್ಯವಿಲ್ಲ. ಆದುದರಿಂದ ಸಮಸ್ಯೆಯ ತಿರುಳು ವಾರ್ಷಿಕ ಪ್ರಮಾಣದಲ್ಲಿಲ್ಲ. ಮಳೆಗಾಲದ ನೀರನ್ನು ಬೇಸಿಗೆಗೆ ದಾಟಿಸುವ ಸಾಧನದಲ್ಲಿದೆ. ನೆಲದಡಿಯ ಜಲಪದರ, ಕೆರೆ, ಬಾವಿ, ಅಣೆಕಟ್ಟು ಇವೆಲ್ಲ ಅಂತಹ ಸಾಧನಗಳೇ ಆಗಿವೆ. ಅವುಗಳಲ್ಲಿ ಯಾವುದನ್ನು ಯಾರು ಕಾಯುತ್ತಾರೆ, ಯಾರಿಗೆ ಅದರ ಫಲ ಸಲ್ಲುತ್ತದೆ ಎಂಬುದೇ ಆಡಳಿತದ ಪ್ರಶ್ನೆ.

2. ಹಳೆಯ ವ್ಯವಸ್ಥೆಗಳು: ಹಂಚಿಕೆ ಮತ್ತು ಹೊರಗಿಡುವಿಕೆ

ಮಂಗಳೂರಿನ ಸ್ಥಳನಾಮಗಳೇ ನಗರದ ಹಳೆಯ ನೀರಿನ ನಕ್ಷೆಯನ್ನು ಉಳಿಸಿಕೊಂಡಿವೆ. ಗುಜ್ಜರಕೆರೆ, ಎಮ್ಮೆಕೆರೆ, ಬೈರಾಡಿಕೆರೆ, ಬೆಂದೂರುವೆಲ್‌, ತಣ್ಣೀರುಬಾವಿ ಮೊದಲಾದ ಹೆಸರುಗಳು ಇದಕ್ಕೆ ನಿದರ್ಶನ. ಸ್ಮಾರ್ಟ್‌ ಸಿಟಿ ಯೋಜನೆಯ ಕಾಮಗಾರಿಯ ವೇಳೆ ಹಂಪನಕಟ್ಟೆಯ ರಸ್ತೆಯಡಿಯಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಯೊಂದು ಬೆಳಕಿಗೆ ಬಂದುದು ಈ ನಕ್ಷೆ ಎಷ್ಟರ ಮಟ್ಟಿಗೆ ಮರೆಯಾಗಿದೆ ಎಂಬುದನ್ನು ತೋರಿಸುತ್ತದೆ.

ಗ್ರಾಮಾಂತರದಲ್ಲಿ ಮದಕ, ಸುರಂಗ ಮತ್ತು ಕಟ್ಟಗಳು ಬಳಕೆಯಲ್ಲಿದ್ದವು. ಮಳೆಗಾಲ ಮುಗಿದ ಬಳಿಕ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣುಗಳಿಂದ ಕಟ್ಟುವ ತಾತ್ಕಾಲಿಕ ಒಡ್ಡಿಗೆ ಕಟ್ಟ ಎಂದು ಹೆಸರು. ತೋಡಿನುದ್ದಕ್ಕೂ ಒಂದರ ಕೆಳಗೊಂದರಂತೆ ಕಟ್ಟಗಳಿರುವಲ್ಲಿ ಮೇಲಿನ ಕಟ್ಟದಿಂದ ಜಿನುಗುವ ನೀರು ಕೆಳಗಿನ ಕಟ್ಟಕ್ಕೆ ಆಧಾರವಾಗುತ್ತದೆ. ಇಕ್ಕೆಲಗಳ ಬಾವಿಗಳಲ್ಲಿಯೂ ನೀರಿನ ಮಟ್ಟ ಏರುತ್ತದೆ. ಫಲಾನುಭವಿಗಳೇ ಶ್ರಮವನ್ನು ಹಂಚಿಕೊಂಡು ಪ್ರತಿ ವರ್ಷ ಇದನ್ನು ಕಟ್ಟಬೇಕಾದುದರಿಂದ, ಹಂಚಿಕೆಯ ಒಪ್ಪಂದವೂ ವರ್ಷವರ್ಷ ನವೀಕರಣಗೊಳ್ಳುತ್ತಿತ್ತು. ಕಾಸರಗೋಡು ಜಿಲ್ಲೆಯ ಏತಡ್ಕದಲ್ಲಿ ಈ ಪದ್ಧತಿ ಮತ್ತೆ ಗಮನ ಸೆಳೆದಿದೆ. ಶ್ರೀಪಡ್ರೆಯವರ ಬರಹಗಳು ಈ ಭಾಗದ ಕಟ್ಟ, ಮದಕ ಮತ್ತು ಸುರಂಗಗಳನ್ನು ವ್ಯಾಪಕವಾಗಿ ಪರಿಚಯಿಸಿವೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಸಮೀಪ ಒಬ್ಬರೇ ಸುರಂಗಗಳನ್ನು ಕೊರೆದು ಬೋಳುಗುಡ್ಡವನ್ನು ತೋಟವಾಗಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಸಮುದಾಯವೇ ನಿಯಮಗಳನ್ನು ರೂಪಿಸಿ ಸಾಮಾನ್ಯ ಸಂಪತ್ತನ್ನು ಕಾಯ್ದುಕೊಳ್ಳಬಲ್ಲದು ಎಂಬುದನ್ನು ಎಲಿನರ್‌ ಆಸ್ಟ್ರಮ್‌ 1990ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹಲವು ದೇಶಗಳ ನಿದರ್ಶನಗಳಿಂದ ನಿರೂಪಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್‌ ಪುರಸ್ಕಾರ ದೊರೆಯಿತು. ಲಾಭ ಪಡೆಯುವವನು ಅದಕ್ಕೆ ತಕ್ಕ ಹೊಣೆಯನ್ನೂ ಹೊರಬೇಕು, ನಿಯಮ ಮಾಡುವಲ್ಲಿ ಬಳಕೆದಾರರಿಗೆ ಪಾಲಿರಬೇಕು, ಬಳಕೆಯ ಮೇಲೆ ಕಣ್ಗಾವಲು ಇರಬೇಕು ಎಂಬ ಅವರ ಸೂತ್ರಗಳು ಕಟ್ಟದ ವ್ಯವಸ್ಥೆಗೆ ಬಹುಮಟ್ಟಿಗೆ ಅನ್ವಯಿಸುತ್ತವೆ.

ಆದರೆ ಪರಂಪರೆಯನ್ನು ಸಂಪೂರ್ಣವಾಗಿ ನ್ಯಾಯಯುತವೆಂದು ಬಗೆಯುವಂತಿಲ್ಲ. ಸಮುದಾಯ ಎಂಬ ಮಾತಿನೊಳಗೆ ಯಾರು ಸೇರುತ್ತಿದ್ದರು ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಬಾವಿಕಟ್ಟೆಯನ್ನು ಏರುವ ಹಕ್ಕು ಜಾತಿಯಿಂದ ನಿರ್ಧಾರವಾಗುತ್ತಿದ್ದ ಕಾಲದಲ್ಲಿ ದಲಿತರು ಅನ್ಯರು ಎತ್ತಿ ಸುರಿಯುವ ನೀರಿಗಾಗಿ ಕಾಯಬೇಕಾಗಿತ್ತು. 1927ರಲ್ಲಿ ಮಹಾಡಿನ ಚವದಾರ ಕೆರೆಯ ನೀರನ್ನು ಮುಟ್ಟಿ ಡಾ. ಬಿ.ಆರ್‌. ಅಂಬೇಡ್ಕರ್‌ ಎತ್ತಿದ ಪ್ರಶ್ನೆ ಇದೇ ಆಗಿತ್ತು. ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಯಲ್ಲಿ ಭೇದ ಸಲ್ಲದೆಂದು ಭಾರತದ ಸಂವಿಧಾನದ 15ನೇ ವಿಧಿಯು ಸ್ಪಷ್ಟವಾಗಿ ನಮೂದಿಸಿರುವುದಕ್ಕೆ ಈ ಚರಿತ್ರೆಯೇ ಹಿನ್ನೆಲೆ. ಈ ದೃಷ್ಟಿಯಿಂದ, ಯಾರ ಮುಂದೆಯೂ ಕೈಯೊಡ್ಡದೆ ಪ್ರತಿ ಮನೆಗೂ ನೀರು ತಲಪಿಸಬಲ್ಲ ನಗರದ ನಳ್ಳಿ ಕೇವಲ ಅನುಕೂಲದ ಸಾಧನವಾಗಿರದೆ ಸಾಮಾಜಿಕ ಸಮಾನತೆಯ ಸಾಧನವೂ ಆಗಿದೆ. ಅದು ಆ ಭರವಸೆಯನ್ನು ಎಷ್ಟರ ಮಟ್ಟಿಗೆ ಉಳಿಸಿಕೊಂಡಿದೆ ಎಂಬುದು ಮುಂದಿನ ವಿಚಾರ.

3. ತುಂಬೆಯಿಂದ ನಳ್ಳಿಗೆ

ಮಂಗಳೂರಿನ ಕೊಳಾಯಿ ನೀರಿನ ಪ್ರಧಾನ ಮೂಲ ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಕಿಂಡಿ ಅಣೆಕಟ್ಟು. ಮೊದಲಿನ ಅಣೆಕಟ್ಟಿನಲ್ಲಿ 4 ಮೀಟರ್‌ ಎತ್ತರಕ್ಕೆ ನೀರು ನಿಲ್ಲುತ್ತಿತ್ತು. ಮುಂದೆ ಅದರ ಸಮೀಪದಲ್ಲಿಯೇ ನಿರ್ಮಾಣವಾದ ಹೊಸ ಅಣೆಕಟ್ಟಿನಲ್ಲಿ 6 ಮೀಟರ್‌ವರೆಗೆ ನಿಲ್ಲಿಸಲಾಗುತ್ತಿದೆ. ಅಲ್ಲಿಂದ ಎತ್ತಿದ ನೀರು ಶುದ್ಧೀಕರಣಗೊಂಡು, ಎತ್ತರದ ಜಲಸಂಗ್ರಹಾಗಾರಗಳಿಗೆ ಏರಿ, ಅಲ್ಲಿಂದ ಬಡಾವಣೆಗಳಿಗೆ ಇಳಿಯುತ್ತದೆ. ದಿನವೊಂದಕ್ಕೆ ಹೀಗೆ ಸಾಗುವ ನೀರು ಸುಮಾರು 160 ದಶಲಕ್ಷ ಲೀಟರ್‌ ಎಂದು ಪರಿಗಣಿತವಾಗಿದೆ.

2011ರ ಜನಗಣತಿಯಂತೆ ಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆ ಸುಮಾರು 4.9 ಲಕ್ಷ. ತಲಾ 135 ಲೀಟರಿನಂತೆ ಇದಕ್ಕೆ ಬೇಕಾಗುವುದು 66 ದಶಲಕ್ಷ ಲೀಟರ್‌. ಜನಸಂಖ್ಯೆ ಏಳು ಲಕ್ಷಕ್ಕೇರಿದೆಯೆಂದು ಇಟ್ಟುಕೊಂಡರೂ ಗೃಹಬಳಕೆಯ ಅಗತ್ಯ 95 ದಶಲಕ್ಷ ಲೀಟರನ್ನು ಮೀರುವುದಿಲ್ಲ. ಉಳಿದುದರಲ್ಲಿ ಒಂದಂಶ ವಾಣಿಜ್ಯ, ಆಸ್ಪತ್ರೆ, ಸಂಸ್ಥೆಗಳಿಗೂ ನೆರೆಯ ಪ್ರದೇಶಗಳಿಗೂ ಸಲ್ಲುತ್ತದೆ. ಇನ್ನೊಂದಂಶ ಹಳೆಯ ಕೊಳವೆಗಳ ಸೋರಿಕೆಯಲ್ಲಿಯೂ ಅಳತೆಯಿಲ್ಲದ ಸಂಪರ್ಕಗಳಲ್ಲಿಯೂ ಕರಗಿಹೋಗುತ್ತದೆ. ಲೆಕ್ಕದಲ್ಲಿ ಸಾಕಷ್ಟು ನೀರಿರುವ ಊರಿನಲ್ಲಿ ನಳ್ಳಿ ಒಣಗುವುದು ಹೇಗೆ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ.

ಇನ್ನೊಂದು ಭಾಗ ಕೊಳವೆಯ ಒತ್ತಡದಲ್ಲಿದೆ. ಎರಡು ದಿನ ನಿಲ್ಲಿಸಿ ಮತ್ತೆ ನೀರು ಬಿಟ್ಟಾಗ ಬರಿದಾದ ಕೊಳವೆಯನ್ನು ಅದು ಮೊದಲು ತುಂಬಬೇಕು. ತಗ್ಗಿನ ಮನೆಗಳಿಗೆ ಮೊದಲು ನೀರು ದೊರೆಯುತ್ತದೆ. ಗುಡ್ಡದ ಮೇಲಿನ ಹಾಗೂ ಕೊಳವೆಯ ತುದಿಯ ಮನೆಗಳಿಗೆ ಒತ್ತಡ ಏರುವಷ್ಟರಲ್ಲಿ ಸರದಿಯ ಅವಧಿ ಮುಗಿಯುತ್ತದೆ. ನೆಲದಡಿಯ ದೊಡ್ಡ ತೊಟ್ಟಿ ಇರುವ ಬಹುಮಹಡಿ ಕಟ್ಟಡ ಬಂದಷ್ಟನ್ನು ಹಿಡಿದಿಡಬಲ್ಲದು. ನಾಲ್ಕು ಕೊಡಪಾನಗಳ ಹೊರತು ಬೇರೇನೂ ಇಲ್ಲದ ಬಾಡಿಗೆಮನೆಯವರಿಗೆ ಅದು ಸಾಧ್ಯವಿಲ್ಲ. ಬಾವಿ ಇದ್ದವರು ಬಾವಿಗೆ, ಹಣ ಇದ್ದವರು ಟ್ಯಾಂಕರಿಗೆ ಮೊರೆಹೋಗುತ್ತಾರೆ. ಎಲ್ಲರಿಗೂ ಸಮಾನವಾಗಿ ಅನ್ವಯಿಸುವಂತೆ ಕಾಣುವ ಸರದಿಯ ಆದೇಶವು ಹೀಗೆ ನೆಲದ ಎತ್ತರ, ತೊಟ್ಟಿಯ ಗಾತ್ರ ಮತ್ತು ಮನೆಯ ಆದಾಯಗಳಿಗೆ ಅನುಗುಣವಾಗಿ ಅಸಮಾನ ಪರಿಣಾಮವನ್ನು ಬೀರುತ್ತದೆ. ಏರು ಮತ್ತು ತಗ್ಗು, ಬಹುಮಹಡಿ ಮತ್ತು ಕಂಪೌಂಡು ಒತ್ತೊತ್ತಾಗಿರುವ ಅತ್ತಾವರದಂತಹ ಬಡಾವಣೆಯ ರಚನೆಯಲ್ಲಿಯೇ ಈ ಅಸಮಾನತೆಗೆ ಎಡೆಯಿದೆ.

ಬಿಟ್ಟು ಬಿಟ್ಟು ಬರುವ ನೀರು ಗುಣಮಟ್ಟವನ್ನೂ ಕೆಡಿಸುತ್ತದೆ. ಕೊಳವೆ ಬರಿದಾದಾಗ ಅದರೊಳಗಿನ ಒತ್ತಡ ಕುಸಿದು, ಬಿರುಕುಗಳ ಮೂಲಕ ಸುತ್ತಲಿನ ಮಲಿನ ನೀರು ಒಳಸೇರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಟ್ಟ ಪ್ರಾಯೋಗಿಕ ಯೋಜನೆಯನ್ನು ಅಧ್ಯಯನ ಮಾಡಿದ ಸಂಶೋಧಕರು, ನಿರಂತರ ಪೂರೈಕೆಯ ನಳ್ಳಿಗಳಿಗಿಂತ ಬಿಟ್ಟು ಬರುವ ನಳ್ಳಿಗಳಲ್ಲಿ ಮಾಲಿನ್ಯಸೂಚಕ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಂಡುಬಂದುದನ್ನು ದಾಖಲಿಸಿದ್ದಾರೆ. ಏಷ್ಯನ್‌ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಮಂಗಳೂರಿನಲ್ಲಿ ಕೈಗೊಳ್ಳಲಾದ ಜಲಸಿರಿ ಯೋಜನೆಯ ಗುರಿಯೂ ನಿರಂತರ ಪೂರೈಕೆಯೇ. ಆದರೆ ಬೇಸಿಗೆಯ ಕೊನೆಯಲ್ಲಿ ನದಿಯಲ್ಲಿಯೇ ನೀರಿಲ್ಲದಿದ್ದರೆ ಕೊಳವೆಜಾಲದ ಸುಧಾರಣೆಯೊಂದರಿಂದಲೇ ಆ ಗುರಿ ಕೈಗೂಡಲಾರದು.

4. ಒಂದು ನದಿ, ಹಲವು ಹಕ್ಕುದಾರರು

ತುಂಬೆಯ ಅಣೆಕಟ್ಟಿನ ಮೇಲ್ಭಾಗದಲ್ಲಿ ಶಂಭೂರಿನ ಜಲವಿದ್ಯುತ್‌ ಯೋಜನೆಯ ಎ.ಎಂ.ಆರ್‌. ಅಣೆಕಟ್ಟು ಇದೆ. ಸರಪಾಡಿಯ ಬಳಿ ಕೈಗಾರಿಕೆಗಳಿಗಾಗಿ ನೀರೆತ್ತುವ ವ್ಯವಸ್ಥೆಗಳಿವೆ. ನದಿಯ ಇಕ್ಕೆಲಗಳಲ್ಲಿ ಅಡಿಕೆ, ತೆಂಗಿನ ತೋಟಗಳ ಪಂಪುಗಳಿವೆ. ಬೇಸಿಗೆ ಬಿಗಡಾಯಿಸಿದಾಗ ಮೇಲಿನ ಅಣೆಕಟ್ಟಿನಿಂದ ತುಂಬೆಗೆ ನೀರು ಬಿಡಿಸುವುದು, ಕೃಷಿ ಮತ್ತು ಕೈಗಾರಿಕೆಗಳ ನೀರೆತ್ತುವಿಕೆಗೆ ನಿರ್ಬಂಧ ಹೇರುವುದು ಆಡಳಿತದ ರೂಢಿಯ ಕ್ರಮ. ಕುಡಿಯುವ ನೀರಿಗೆ ಅಗ್ರಸ್ಥಾನವೆಂಬುದು ರಾಷ್ಟ್ರೀಯ ಜಲನೀತಿಯಲ್ಲಿಯೂ ಮಾನ್ಯವಾದ ತತ್ತ್ವ, ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ನಗರಕ್ಕೆ ತಲಪುವ ನೀರೆಲ್ಲವೂ ಕುಡಿಯುವ ನೀರಲ್ಲ. ಅದೇ ಕೊಳವೆಯಲ್ಲಿ ವಾಹನ ತೊಳೆಯುವ ನೀರೂ ಕಟ್ಟಡ ಕಾಮಗಾರಿಯ ನೀರೂ ಹರಿಯುತ್ತವೆ. ಒಣಗುತ್ತಿರುವ ಅಡಿಕೆ ಮರದ ಬುಡಕ್ಕೆ ನೀರು ಬಿಡಬಾರದೆಂದು ಬಂಟ್ವಾಳದ ಕೃಷಿಕನಿಗೆ ಹೇಳುವ ಮೊದಲು ನಗರವು ತನ್ನ ಸೋರಿಕೆಗೂ ಐಷಾರಾಮಿ ಬಳಕೆಗೂ ಕಡಿವಾಣ ಹಾಕಿದ್ದುದನ್ನು ಅಂಕಿಸಂಖ್ಯೆಗಳ ಸಹಿತ ತೋರಿಸಬೇಕಾಗುತ್ತದೆ. ನೀರಿನ ಮಟ್ಟವನ್ನು ಏರಿಸಿದಾಗ ಮುಳುಗಡೆಯಾಗುವ ನದಿತೀರದ ಜಮೀನುಗಳ ಪರಿಹಾರವೂ ಈ ನ್ಯಾಯದ ಭಾಗವೇ.

ಇದೇ ಪ್ರಶ್ನೆ ಹೆಚ್ಚು ವಿಸ್ತಾರವಾದ ನೆಲೆಯಲ್ಲಿ ಎತ್ತಿನಹೊಳೆ ಯೋಜನೆಯಲ್ಲಿ ಎದುರಾಗಿದೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರನ್ನು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಜಿಲ್ಲೆಗಳಿಗೆ ಒಯ್ಯುವ ಈ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರ್‌ 6ರಂದು ಇದರ ಮೊದಲ ಹಂತ ಉದ್ಘಾಟನೆಗೊಂಡಿತು. ನದಿಯ ಬೇಸಿಗೆಯ ಹರಿವು, ಘಟ್ಟದ ಕಾಡು ಮತ್ತು ಅಳಿವೆಯ ಮೀನುಗಾರಿಕೆಗಳಿಗೆ ಧಕ್ಕೆಯಾಗುವುದೆಂದು ದಕ್ಷಿಣ ಕನ್ನಡದಲ್ಲಿ ಇದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು. ಇತ್ತ ಪಾತಾಳಕ್ಕಿಳಿದ ಕೊಳವೆಬಾವಿಗಳಿಂದ ಫ್ಲೋರೈಡ್‌ಯುಕ್ತ ನೀರನ್ನು ಕುಡಿಯಬೇಕಾಗಿ ಬಂದ ಕೋಲಾರದ ಜನರ ಬೇಡಿಕೆಯೂ ನ್ಯಾಯದ ಹೆಸರಿನಲ್ಲಿಯೇ ಮಂಡಿತವಾಗಿದೆ. ಕಡಲಿಗೆ ಸೇರುವ ನೀರು ವ್ಯರ್ಥ ಎಂಬ ವಾದಕ್ಕೆ ಆಧಾರವಿಲ್ಲ. ಅಳಿವೆಯಲ್ಲಿ ಉಪ್ಪುನೀರನ್ನು ಹಿಂದೂಡುವುದೂ ತಗ್ಗಿನ ಬಾವಿಗಳನ್ನು ಸಿಹಿಯಾಗಿರಿಸುವುದೂ ಅದೇ ಹರಿವು. ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಘಟ್ಟದ ಮೇಲಿನವರಿಗೆ ಕರಾವಳಿ ಕೇಳುವ ಪ್ರಶ್ನೆಗಳನ್ನೇ ಬಂಟ್ವಾಳದ ಗ್ರಾಮಗಳು ಮಂಗಳೂರಿಗೆ ಕೇಳಬಹುದು. ನಗರದೊಳಗೆ ಕೊಳವೆಯ ತುದಿಯ ಮನೆಯವರು ಕೊಳವೆಯ ಮೊದಲಿನವರಿಗೆ ಕೇಳಬಹುದು. ನಿಮ್ಮ ಕೆರೆಗಳನ್ನು ಉಳಿಸಿಕೊಂಡಿರಾ, ನಿಮ್ಮ ಬಳಕೆಯನ್ನು ಅಳೆದಿರಾ, ನಮಗೆ ತಟ್ಟುವ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಿರಾ ಎಂಬ ಈ ಪ್ರಶ್ನೆಗಳು ಎಲ್ಲ ಹಂತಗಳಿಗೂ ಒಂದೇ ಬಗೆಯಲ್ಲಿ ಅನ್ವಯಿಸುತ್ತವೆ. ನ್ಯಾಯದ ಮಾನದಂಡ ಹಂತದಿಂದ ಹಂತಕ್ಕೆ ಬದಲಾಗುವಂತಿಲ್ಲ.

5. ಬಳಸಿ ಬಿಟ್ಟ ನೀರು

ಒಂದು ಮನೆಗೆ ಬರುವ ನೀರಿನ ಬಹುಪಾಲು ಕೊಳಚೆಯಾಗಿ ಹೊರಹೋಗುತ್ತದೆ. ಆದುದರಿಂದ ಪೂರೈಕೆಯನ್ನು ಹೆಚ್ಚಿಸುವ ಪ್ರತಿಯೊಂದು ಯೋಜನೆಯೂ ಕೊಳಚೆಯನ್ನು ಹೆಚ್ಚಿಸುವ ಯೋಜನೆಯೂ ಆಗಿರುತ್ತದೆ. ಮಂಗಳೂರಿನಲ್ಲಿ ಕಾವೂರು, ಬಜಾಲು, ಪಚ್ಚನಾಡಿ ಮತ್ತು ಸುರತ್ಕಲ್‌ ಭಾಗದಲ್ಲಿ ಕೊಳಚೆ ಸಂಸ್ಕರಣ ಘಟಕಗಳಿವೆ. ಆದರೆ ಹಳೆಯ ಒಳಚರಂಡಿಗಳು ಸೋರುವಲ್ಲಿ, ಮಳೆನೀರಿನ ತೋಡಿಗೆ ಕೊಳಚೆ ಸೇರುವಲ್ಲಿ, ಮುರಕಲ್ಲಿನ ರಂಧ್ರಗಳು ಅದನ್ನು ನೆರೆಯ ಬಾವಿಗೆ ಸಾಗಿಸುತ್ತವೆ. ಅತ್ತಾವರಕ್ಕೆ ಅನತಿದೂರದ ಗುಜ್ಜರಕೆರೆ ಇದಕ್ಕೆ ಪ್ರಸಿದ್ಧ ನಿದರ್ಶನ. ಈ ಕೆರೆಯ ಜೀರ್ಣೋದ್ಧಾರಕ್ಕೆ ಕಾಮಗಾರಿಗಳು ನಡೆದರೂ ಒಳಚರಂಡಿಯ ನೀರು ಸೇರುವ ದೂರು ದೀರ್ಘಕಾಲ ಉಳಿದುಬಂದಿತು. ದಂಡೆಯನ್ನು ಚಂದಗೊಳಿಸುವುದರಿಂದ ಕೆರೆ ಉಳಿಯುವುದಿಲ್ಲ, ಸುತ್ತಲಿನ ಚರಂಡಿಯನ್ನು ಮೊದಲು ಸರಿಪಡಿಸಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ಬಾವಿಯೊಂದು ಕೆಟ್ಟರೆ ಅದರ ನಷ್ಟ ಒಂದು ಮನೆಗಷ್ಟೇ ಸೀಮಿತವಲ್ಲ. ಬೇಸಿಗೆಯಲ್ಲಿ ತುಂಬೆಯ ಮೇಲಿನ ಹೊರೆಯನ್ನು ಇಳಿಸಬಲ್ಲ ಒಂದು ಸ್ವತಂತ್ರ ಮೂಲ ನಗರಕ್ಕೆ ಇಲ್ಲವಾಗುತ್ತದೆ. ನಗರದ ತ್ಯಾಜ್ಯ ಗ್ರಾಮದ ನೀರನ್ನು ಕೆಡಿಸಿದ ನಿದರ್ಶನವೂ ಇದೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಂದಾರದ ಮನೆ, ತೋಟಗಳ ಮೇಲೆ ಜರಿದುಬಿತ್ತು. ಅದರಿಂದ ಒಸರಿದ ಕೊಳಕುದ್ರವ ಫಲ್ಗುಣಿ ನದಿಯನ್ನು ಸೇರಿತು. ನಗರದ ಅನುಕೂಲಕ್ಕೆ ಬೆಲೆ ತೆತ್ತವರು ಆ ಅನುಕೂಲದಲ್ಲಿ ಪಾಲಿಲ್ಲದವರಾಗಿದ್ದರು.

ಇದಕ್ಕೆ ಪ್ರತಿಯಾಗಿ ಆಶಾದಾಯಕ ಪ್ರಯತ್ನಗಳೂ ಇವೆ. ಕಾವೂರಿನ ಸಂಸ್ಕರಿತ ನೀರನ್ನು ಮಂಗಳೂರು ವಿಶೇಷ ಆರ್ಥಿಕ ವಲಯದ ಬಳಕೆಗೆ ಒದಗಿಸುವ ಏರ್ಪಾಟು ಅವುಗಳಲ್ಲಿ ಒಂದು. ನೀರಿನ ಅಭಾವದಿಂದ 2012ರಲ್ಲಿ ಘಟಕಗಳನ್ನು ನಿಲ್ಲಿಸಬೇಕಾಗಿ ಬಂದ ಮಂಗಳೂರು ತೈಲ ಸಂಸ್ಕರಣಾಗಾರವು ಮುಂದೆ ತಣ್ಣೀರುಬಾವಿಯಲ್ಲಿ ದಿನಕ್ಕೆ 30 ದಶಲಕ್ಷ ಲೀಟರ್‌ ಸಾಮರ್ಥ್ಯದ, ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರವನ್ನು ನಿರ್ಮಿಸಿತು. ಕೈಗಾರಿಕೆಗಳು ನದಿಯ ಮೇಲಿನ ಅವಲಂಬನೆಯನ್ನು ತಗ್ಗಿಸಿದಷ್ಟೂ ಬೇಸಿಗೆಯ ನದಿಯಲ್ಲಿ ಜನರ ಪಾಲು ಹೆಚ್ಚುತ್ತದೆ.

6. ಕಾನೂನು, ದರ ಮತ್ತು ಪಾಲುಗೊಳ್ಳುವಿಕೆ

ಸುಭಾಷ್‌ ಕುಮಾರ್‌ ಪ್ರಕರಣದಲ್ಲಿ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಲಿನ್ಯರಹಿತ ನೀರನ್ನು ಜೀವಿಸುವ ಹಕ್ಕಿನ ಅಂಗವೆಂದು ಹೇಳಿತು. 1996ರ ಕಮಲ್‌ನಾಥ್‌ ಪ್ರಕರಣದಲ್ಲಿ ನದಿಯಂತಹ ನೈಸರ್ಗಿಕ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಧರ್ಮದರ್ಶಿ ಎಂಬ ತತ್ತ್ವ ಅಂಗೀಕೃತವಾಯಿತು. 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಮಾನ್ಯ ಮಾಡಿತು. ಆದರೆ ಅಂತರ್ಜಲದ ಮಟ್ಟಿಗೆ 1882ರ ಅನುಭೋಗ ಹಕ್ಕುಗಳ ಕಾಯಿದೆಯಿಂದ ಬಂದ, ನೆಲದ ಒಡೆಯನೇ ನೆಲದಡಿಯ ನೀರನ್ನು ಎತ್ತಬಲ್ಲನೆಂಬ ಭಾವನೆ ಬಲವಾಗಿ ಉಳಿದಿದೆ. ಕರ್ನಾಟಕವು 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯಿದೆಯನ್ನು ರೂಪಿಸಿದ್ದರೂ, ಆಳವಾದ ಕೊಳವೆಬಾವಿಯೊಂದು ನೆರೆಯ ತೆರೆದ ಬಾವಿಯನ್ನು ಬತ್ತಿಸುವಲ್ಲಿ ಬಡವನಿಗೆ ಸುಲಭವಾದ ಪರಿಹಾರವಿಲ್ಲ.

ಅಧಿಕಾರವೂ ಹಂಚಿಹೋಗಿದೆ. ಕಾಮಗಾರಿಯನ್ನು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಸಾಲದ ಯೋಜನೆಯನ್ನು ನಗರ ಮೂಲಸೌಕರ್ಯ ಅಭಿವೃದ್ಧಿ ಹಣಕಾಸು ಸಂಸ್ಥೆ, ದೈನಂದಿನ ಪೂರೈಕೆಯನ್ನು ಪಾಲಿಕೆ, ಮಾಲಿನ್ಯವನ್ನು ನಿಯಂತ್ರಣ ಮಂಡಳಿ, ಅಂತರ್ಜಲವನ್ನು ಬೇರೊಂದು ನಿರ್ದೇಶನಾಲಯ ನೋಡಿಕೊಳ್ಳುತ್ತವೆ. ಬಾವಿ, ನದಿ ಮತ್ತು ಚರಂಡಿ ನಿಸರ್ಗದಲ್ಲಿ ಒಂದೇ ನೀರಾಗಿದ್ದರೂ ಕಡತಗಳಲ್ಲಿ ಮೂರಾಗಿವೆ.

ದರದ ವಿಚಾರವೂ ಸೂಕ್ಷ್ಮವಾದುದು. ಬಳಕೆ ಹೆಚ್ಚಿದಂತೆ ದರ ಏರುವ ಪದ್ಧತಿ ತಾತ್ತ್ವಿಕವಾಗಿ ನ್ಯಾಯವಾದುದೇ. ಆದರೆ ಹಳೆಯ ಕಂಪೌಂಡೊಂದರಲ್ಲಿ ಐದು ಕುಟುಂಬಗಳು ಒಂದೇ ಮೀಟರನ್ನು ಹಂಚಿಕೊಂಡಿದ್ದರೆ, ಮಿತವಾಗಿ ಬಳಸುವ ಆ ಐದೂ ಕುಟುಂಬಗಳು ಕೂಡಿ ಐಷಾರಾಮಿ ಬಳಕೆದಾರರ ದರಕ್ಕೆ ತಳ್ಳಲ್ಪಡುತ್ತವೆ. ಸಂಪರ್ಕವನ್ನಲ್ಲದೆ ಕುಟುಂಬವನ್ನು ಗಣನೆಗೆ ತೆಗೆದುಕೊಂಡಾಗ ಮಾತ್ರ ಈ ಪದ್ಧತಿ ತನ್ನ ಉದ್ದೇಶವನ್ನು ಈಡೇರಿಸುತ್ತದೆ.

ಸಂವಿಧಾನದ 74ನೇ ತಿದ್ದುಪಡಿಯು ನೀರು ಪೂರೈಕೆಯನ್ನು 12ನೇ ಅನುಸೂಚಿಯಲ್ಲಿ ಸೇರಿಸಿ, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡು ಸಮಿತಿಗಳಿಗೆ ಅವಕಾಶ ಕಲ್ಪಿಸಿದೆ. ಕಟ್ಟದ ವ್ಯವಸ್ಥೆಯಲ್ಲಿದ್ದ ನೇರ ಹೊಣೆಗಾರಿಕೆಯನ್ನು ನಗರದಲ್ಲಿ ಮರುಸ್ಥಾಪಿಸಲು ಲಭ್ಯವಿರುವ ಸಂಸ್ಥೆ ಇದು. ವಾರ್ಡಿನ ಬಾವಿಗಳ ಪಟ್ಟಿ ಮತ್ತು ನೀರಿನ ಪರೀಕ್ಷೆ, ಕೊಳವೆಯ ತುದಿಯ ಮನೆಗಳಲ್ಲಿ ಒತ್ತಡದ ಅಳತೆ, ಸೋರುವ ಚರಂಡಿಗಳ ಗುರುತು, ಸರದಿಯ ಕಾಲದಲ್ಲಿ ಟ್ಯಾಂಕರಿನ ದಾರಿಯ ನಿರ್ಧಾರ ಇವೆಲ್ಲ ಅತ್ತಾವರದಂತಹ ವಾರ್ಡಿನ ಮಟ್ಟದಲ್ಲಿಯೇ ಚೆನ್ನಾಗಿ ನಡೆಯಬಲ್ಲ ಕೆಲಸಗಳು. ಇದರೊಂದಿಗೆ, ಮಳೆಗಾಲ ಮುಗಿದೊಡನೆ ಪ್ರತಿ ವರ್ಷ ನದಿಯ ಹರಿವು, ಅಣೆಕಟ್ಟುಗಳ ಸಂಗ್ರಹ, ಕೃಷಿ, ಕೈಗಾರಿಕೆ ಮತ್ತು ನಗರಗಳ ಪಾಲುಗಳನ್ನು ತಿಳಿಸುವ ನೀರಿನ ಆಯವ್ಯಯವನ್ನು ಪ್ರಕಟಿಸಿದರೆ, ಮೇ ತಿಂಗಳ ತುರ್ತು ಆದೇಶಗಳ ಬದಲಿಗೆ ಡಿಸೆಂಬರಿನ ಒಪ್ಪಂದಗಳು ಸಾಧ್ಯವಾಗುತ್ತವೆ.

ಸಮಾರೋಪ

ಒಟ್ಟಿನಲ್ಲಿ, ಮಂಗಳೂರಿನ ನೀರಿನ ಸಮಸ್ಯೆ ಮುಖ್ಯವಾಗಿ ಪ್ರಮಾಣದ ಸಮಸ್ಯೆಯಾಗಿರದೆ ಕಾಲ, ಸ್ಥಳ ಮತ್ತು ಅಧಿಕಾರಗಳ ಹಂಚಿಕೆಯ ಸಮಸ್ಯೆಯಾಗಿದೆ. ಅಣೆಕಟ್ಟಿನ ಎತ್ತರವನ್ನು ಹೆಚ್ಚಿಸುವುದರಿಂದ ಕಾಲದ ಪ್ರಶ್ನೆಗೆ ಭಾಗಶಃ ಉತ್ತರ ದೊರೆತೀತು. ಉಳಿದ ಎರಡು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಹಳೆಯ ಕಟ್ಟದಲ್ಲಿ ಹೊಣೆಗಾರಿಕೆ ಇತ್ತು, ಎಲ್ಲರಿಗೂ ಪ್ರವೇಶವಿರಲಿಲ್ಲ. ಇಂದಿನ ನಳ್ಳಿ ಎಲ್ಲರಿಗೂ ಪ್ರವೇಶದ ಭರವಸೆ ನೀಡಿದೆ, ಹೊಣೆಗಾರಿಕೆಯನ್ನು ದೂರದ ಕಚೇರಿಗಳಿಗೆ ಒಪ್ಪಿಸಿದೆ. ಇವೆರಡರ ಗುಣಗಳನ್ನು ಕೂಡಿಸುವುದೇ ಮುಂದಿನ ದಾರಿ. ಅದರ ಯಶಸ್ಸನ್ನು ಅಳೆಯಲು ತುಂಬೆಯ ಮಾಪನಪಟ್ಟಿಯೊಂದೇ ಸಾಲದು. ಮೇ ತಿಂಗಳ ಕೊನೆಯ ವಾರದಲ್ಲಿ ಗುಡ್ಡದ ಮೇಲಿನ ಬಾಡಿಗೆಮನೆಗೆ ಎಷ್ಟು ಕೊಡ ನೀರು ತಲಪಿತು, ತಗ್ಗಿನ ಬಾವಿಯ ನೀರು ಕುಡಿಯಲು ಯೋಗ್ಯವಾಗಿದೆಯೇ, ನದಿಯ ಮೇಲ್ಭಾಗದ ಕೃಷಿಕನಿಗೂ ಕೆಳಭಾಗದ ಮೀನುಗಾರನಿಗೂ ನದಿಯಲ್ಲಿ ಪಾಲು ಉಳಿದಿದೆಯೇ ಎಂಬುದನ್ನೂ ಅಳೆಯಬೇಕಾಗುತ್ತದೆ. ಈ ಅಳತೆಗಳು ಪ್ರತಿ ವರ್ಷ ಸಾರ್ವಜನಿಕ ದಾಖಲೆಯಾದಾಗ ಮಾತ್ರ ನೀರಿನ ಆಡಳಿತದ ಕುರಿತ ಚರ್ಚೆಗೆ ಖಚಿತವಾದ ನೆಲೆಗಟ್ಟು ಒದಗುತ್ತದೆ.